ರನ್ನನ ನೆರೆಯವರು, ಅಚೆಬೆಯ ಓದುಗರು

ಬಾಗಲಕೋಟೆಯ ಸಮೀಪದ ಶಿರೂರಿನಲ್ಲಿ ಹುಟ್ಟಿ ಬೆಳೆದು, ಕನ್ನಡ ಮಾಧ್ಯಮದ ಶಾಲೆಯಲ್ಲಿ ಹತ್ತನೆಯ ಇಯತ್ತೆಯನ್ನು ಮುಗಿಸಿ, ಬಳಿಕ ಪದವಿಪೂರ್ವ ತರಗತಿಗಳ ಎರಡು ವರ್ಷಗಳನ್ನು ದಾಟುವ ಹುಡುಗನೋ ಹುಡುಗಿಯೋ ಆ ಅವಧಿಯಲ್ಲಿ ಪರೀಕ್ಷೆಯ ನಿಮಿತ್ತವಾಗಿ ಓದಬೇಕಾಗಿ ಬರುವ ಸಾಹಿತ್ಯವನ್ನೆಲ್ಲ ಒಂದು ಕಡೆ ಇರಿಸಿ ನೋಡಿದರೆ, ಅದರ ವಿಸ್ತಾರವು ಯಾರನ್ನಾದರೂ ಒಂದು ಕ್ಷಣ ಬೆರಗುಗೊಳಿಸುವಂತಹುದು. ಈಚಿನ ವರ್ಷಗಳಲ್ಲಿ ಬಳಕೆಯಲ್ಲಿರುವ ಹತ್ತನೆಯ ತರಗತಿಯ ಪ್ರಥಮ ಭಾಷಾ ಪುಸ್ತಕ ‘ಸಿರಿ ಕನ್ನಡ’ದಲ್ಲಿ ಇದೇ ಜಿಲ್ಲೆಯ ಮುಧೋಳದವನಾದ ರನ್ನನಿದ್ದಾನೆ, ಪಟ್ಟದಕಲ್ಲಿನ ಸುತ್ತಣ ಕಿಸುಕಾಡು ನಾಡಿನವನಾದ ದುರ್ಗಸಿಂಹನಿದ್ದಾನೆ, ಮುಧೋಳ ತಾಲ್ಲೂಕಿನ ಹಲಗಲಿಯ ಬೇಡರು 1857ರಲ್ಲಿ ಕುಂಪಣಿ ಸರ್ಕಾರಕ್ಕೆ ಇದಿರು ನಿಂತುದನ್ನು ಹಾಡುವ ಲಾವಣಿಯಿದೆ, ಅವುಗಳ ನಡುವೆಯೇ ವಿನಾಯಕ ಕೃಷ್ಣ ಗೋಕಾಕರು ಕಂಡ ಲಂಡನ್ ನಗರವೂ ಇದೆ. ಮುಂದೆ ಪದವಿಪೂರ್ವ ತರಗತಿಗೆ ಬಂದರೆ, ಮೊದಲ ವರ್ಷದ ಇಂಗ್ಲಿಷ್ ಪುಸ್ತಕದಲ್ಲಿ ಕೀನ್ಯಾದ ಜೋಮೋ ಕೆನ್ಯಾಟಾ ಬರೆದ ‘ದ ಜೆಂಟಲ್‌ಮೆನ್ ಆಫ್ ದ ಜಂಗಲ್’ ಎಂಬ ಕಾಡಿನ ಕಥೆಯೂ, ಎರಡನೆಯ ವರ್ಷದ ಪುಸ್ತಕದಲ್ಲಿ ನೈಜೀರಿಯಾದ ಚಿನುವಾ ಅಚೆಬೆ ಬರೆದ ‘ದ ವೋಟರ್’ ಎಂಬ ಚುನಾವಣೆಯ ಕಥೆಯೂ ಅವರ ಪಾಲಿಗೆ ದೊರೆತಿವೆ. ಹೀಗೆ ಮುಧೋಳದಿಂದ ಅಚೆಬೆಯ ಕಥೆಯ ಊರಾದ ಉಮುವೋಫಿಯಾದವರೆಗಿನ ಸಾಹಿತ್ಯವು ಜೋಳದ ಹೊಲಗಳ ನಡುವಣ ಒಂದು ಊರಿನ ಮಕ್ಕಳ ದಫ್ತರದೊಳಕ್ಕೆ ಬಂದು ಕುಳಿತಿರುವಾಗ, ಅದನ್ನು ಅವರು ಹೇಗೆ ಓದುತ್ತಾರೆ, ಹೇಗೆ ಓದಬಹುದಾಗಿದೆ ಎಂಬುದು ಪರೀಕ್ಷೆಯ ಮಾತನ್ನು ಮೀರಿ ವಿಚಾರಿಸತಕ್ಕ ವಿಷಯವಾಗಿದೆ.

ಇಂತಹ ವಿಚಾರವನ್ನು ನಮಗಿಂತ ಸ್ಪಷ್ಟವಾಗಿ, ಒಂದು ನಿಯಮದ ರೂಪದಲ್ಲಿಯೇ, ಎತ್ತಿಕೊಂಡವರು ಪಶ್ಚಿಮ ಆಫ್ರಿಕದವರು. ನೈಜೀರಿಯಾ, ಘಾನಾ, ಸಿಯೆರಾ ಲಿಯೋನ್, ಗ್ಯಾಂಬಿಯಾ, ಲೈಬೀರಿಯಾ ಈ ಐದು ದೇಶಗಳ ಪ್ರೌಢಶಾಲಾ ವಿದ್ಯಾರ್ಥಿಗಳಿಗೆ ಪರೀಕ್ಷೆ ನಡೆಸುವ ಪಶ್ಚಿಮ ಆಫ್ರಿಕಾ ಪರೀಕ್ಷಾ ಮಂಡಳಿಯು ಸ್ಥಾಪಿತವಾದುದು 1952ರಲ್ಲಿ. ಆ ಮಂಡಳಿಯ ಇಂಗ್ಲಿಷ್ ಸಾಹಿತ್ಯದ ಪಠ್ಯಕ್ರಮವನ್ನು ತೆರೆದು ನೋಡಿದರೆ ಗದ್ಯ, ನಾಟಕ, ಕಾವ್ಯ ಈ ಮೂರು ಪ್ರಕಾರಗಳಲ್ಲಿ ಪ್ರತಿಯೊಂದನ್ನೂ ಎರಡಾಗಿ ಸೀಳಿ, ಒಂದಕ್ಕೆ ಆಫ್ರಿಕನ್ ಎಂದೂ ಇನ್ನೊಂದಕ್ಕೆ ಆಫ್ರಿಕೇತರ ಎಂದೂ ಹೆಸರಿಟ್ಟಿರುವುದು ಕಾಣುತ್ತದೆ. 2021ರಿಂದ 2025ರವರೆಗಿನ ಪರೀಕ್ಷೆಗಳಿಗೆ ಗೊತ್ತುಪಡಿಸಿದ ಗ್ರಂಥಗಳಲ್ಲಿ ಆಫ್ರಿಕನ್ ಗದ್ಯದ ಕಡೆ ಬೂಚಿ ಎಮೆಚೆಟಾ ಎಂಬ ಲೇಖಕಿಯ ‘ಸೆಕೆಂಡ್ ಕ್ಲಾಸ್ ಸಿಟಿಜನ್’, ಆಫ್ರಿಕನ್ ನಾಟಕದ ಕಡೆ 1986ರಲ್ಲಿ ನೊಬೆಲ್ ಪಾರಿತೋಷಕ ಪಡೆದ ವೋಲೆ ಸೊಯಿಂಕಾರ ‘ದ ಲಯನ್ ಅಂಡ್ ದ ಜ್ಯುವೆಲ್’ ಇದ್ದರೆ, ಆಫ್ರಿಕೇತರ ಕಡೆಯಲ್ಲಿ ಎಮಿಲಿ ಬ್ರಾಂಟೆಯ ‘ವುದರಿಂಗ್ ಹೈಟ್ಸ್’, ರಾಲ್ಫ್ ಎಲಿಸನ್ನರ ‘ಇನ್‌ವಿಸಿಬಲ್ ಮ್ಯಾನ್’, ಆಗಸ್ಟ್ ವಿಲ್ಸನ್ನರ ‘ಫೆನ್ಸಸ್’ ಇದ್ದವು. ಷೇಕ್ಸ್‌ಪಿಯರನಿಗೆ ಎಂದಿನಂತೆ ಪ್ರತ್ಯೇಕ ಪೀಠವಿತ್ತು. ಗದ್ಯದ ಪತ್ರಿಕೆಯಲ್ಲಿ ವಿದ್ಯಾರ್ಥಿಯು ತನಗೆ ಇಷ್ಟವಾದ ಒಂದೇ ಕಡೆಯಿಂದ ಎರಡು ಉತ್ತರ ಬರೆದು ಏಳುವಂತಿಲ್ಲ. ಈ ಭಾಗದಿಂದ ಒಂದು, ಆ ಭಾಗದಿಂದ ಒಂದು ಬರೆಯಲೇಬೇಕು. ತನ್ನದನ್ನು ಅರಿಯದೆ ಪರರದನ್ನು ಹೊಗಳುವುದಾಗಲಿ, ಪರರದನ್ನು ಕಾಣದೆ ತನ್ನದರಲ್ಲಿಯೇ ಮೈಮರೆಯುವುದಾಗಲಿ ಪರೀಕ್ಷಾರ್ಥಿಗೆ ಸಾಧ್ಯವಾಗಬಾರದು ಎಂಬುದು ಆ ವ್ಯವಸ್ಥೆಯ ಇಂಗಿತವೆಂದು ತೋರುತ್ತದೆ.

ಈ ಇಂಗಿತದ ಹಿಂದೆ ಒಂದು ಇತಿಹಾಸವುಂಟು. ಆಂಗ್ಲರ ಆಳ್ವಿಕೆಯ ಕಾಲದಲ್ಲಿ ಆಫ್ರಿಕದ ಶಾಲೆಗಳ ಸಾಹಿತ್ಯವೆಂದರೆ ಆಂಗ್ಲರ ಸಾಹಿತ್ಯವೇ ಆಗಿದ್ದಿತು. ಹಿಮವನ್ನೇ ಕಾಣದ ಮಕ್ಕಳು ಹಿಮದ ಪದ್ಯಗಳನ್ನು ಬಾಯಿಪಾಠ ಮಾಡಿದರು. ಸ್ವಾತಂತ್ರ್ಯ ಬಂದ ಮೇಲೂ ವಿಶ್ವವಿದ್ಯಾಲಯಗಳ ಪಠ್ಯವು ಬಹುಕಾಲ ಹಾಗೆಯೇ ನಡೆಯುತ್ತಿದ್ದುದನ್ನು ಕಂಡು, 1968ರಲ್ಲಿ ನೈರೋಬಿ ವಿಶ್ವವಿದ್ಯಾಲಯದ ಕಾಲೇಜಿನಲ್ಲಿ ಎನ್‌ಗುಗಿ ವಾ ಥಿಯಾಂಗೊ, ಹೆನ್ರಿ ಒವುವೋರ್ ಅನ್ಯುಂಬಾ, ತಬಾನ್ ಲೊ ಲಿಯಾಂಗ್ ಎಂಬ ಮೂವರು ಅಧ್ಯಾಪಕರು ಇಂಗ್ಲಿಷ್ ವಿಭಾಗವನ್ನೇ ರದ್ದುಗೊಳಿಸಿ ಅದರ ಸ್ಥಾನದಲ್ಲಿ ಆಫ್ರಿಕದ ಸಾಹಿತ್ಯ ಮತ್ತು ಭಾಷೆಗಳ ವಿಭಾಗವನ್ನು ಸ್ಥಾಪಿಸಬೇಕೆಂದು ವಾದಿಸಿ ಒಂದು ಪತ್ರವನ್ನು ಮಂಡಿಸಿದರು. ಯೂರೋಪಿನ ಸಾಹಿತ್ಯವನ್ನು ಬಹಿಷ್ಕರಿಸಬೇಕೆಂಬ ಹಟ ಅವರದಾಗಿರಲಿಲ್ಲ. ಕೇಂದ್ರದಲ್ಲಿ ನಿಲ್ಲತಕ್ಕುದು ಯಾವುದು, ಅಲ್ಲಿಂದ ಹೊರಟು ಸುತ್ತಲೂ ನೋಡತಕ್ಕುದು ಯಾವುದು ಎಂಬ ಕ್ರಮವನ್ನು ತಿದ್ದಬೇಕೆಂಬುದು ಅವರ ಆಗ್ರಹವಾಗಿದ್ದಿತು. ನಾನು ನಿಂತ ನೆಲದಿಂದ ಲೋಕವನ್ನು ನೋಡುವೆನು, ಲೋಕ ನನ್ನನ್ನು ನೋಡುವ ಕನ್ನಡಕದಿಂದ ನನ್ನನ್ನೇ ನೋಡಿಕೊಳ್ಳಲಾರೆನು ಎಂಬ ಈ ನಿಲುವೇ ಬೇರೆ ಬೇರೆ ರೂಪಗಳಲ್ಲಿ ಆಫ್ರಿಕದ ಪಠ್ಯಕ್ರಮಗಳನ್ನು ಮುಟ್ಟಿದೆ.

ಆದರೂ ಸಾಹಿತ್ಯವನ್ನು ಗೆರೆ ಎಳೆದು ಎರಡು ಪಾಲು ಮಾಡಲು ಹೊರಟವರಿಗೆ ಆ ಗೆರೆಯೇ ಕೆಲವು ಕೌತುಕಗಳನ್ನು ತೋರಿಸುತ್ತದೆ. ಎಲಿಸನ್ ಮತ್ತು ವಿಲ್ಸನ್ ಇಬ್ಬರೂ ಅಮೆರಿಕದ ಕಪ್ಪು ಸಮುದಾಯದ ಲೇಖಕರು. ಆಫ್ರಿಕದಿಂದ ಹಡಗುಗಳಲ್ಲಿ ಸಾಗಿಸಲ್ಪಟ್ಟ ಗುಲಾಮರ ವಂಶದ ನೋವೇ ಅವರ ಬರೆಹದ ಬೇರು. ಪಠ್ಯಕ್ರಮದಲ್ಲಿಯಾದರೋ ಅವರಿಗೆ ಎಮಿಲಿ ಬ್ರಾಂಟೆಯ ಪಕ್ಕದಲ್ಲಿ, ಆಫ್ರಿಕೇತರರ ಪಂಕ್ತಿಯಲ್ಲಿ, ಎಲೆ ಹಾಕಲಾಗಿದೆ. ಇತ್ತ ಎಮೆಚೆಟಾ 1974ರಲ್ಲಿ ಪ್ರಕಟಿಸಿದ ಕಾದಂಬರಿಯು ಆಫ್ರಿಕನ್ ಎನ್ನಿಸಿಕೊಂಡಿದ್ದರೂ, ಅದರ ನಾಯಕಿ ಆಡಾ ಲೇಗೋಸಿನಿಂದ ಹೊರಟು ಬಾಡಿಗೆಯ ಕೋಣೆಗಳಲ್ಲಿ ಮಕ್ಕಳೊಡನೆ ಬದುಕಿಗಾಗಿ ಹೆಣಗುವುದು ಲಂಡನ್ನಿನಲ್ಲಿ. ಶಿರೂರಿನ ವಿದ್ಯಾರ್ಥಿಗೆ ಆ ನಗರದ ಪರಿಚಯ ಆಗಲೇ ಆಗಿದೆ. ಆಕ್ಸ್‌ಫರ್ಡಿಗೆ ಓದಲು ಹೋದ ಗೋಕಾಕರು ಅಲ್ಲಿಯ ವೆಸ್ಟ್‌ಮಿನ್‌ಸ್ಟರ್ ಅಬೆಯನ್ನೂ ಅಂಗಡಿಗಳ ವೈಭವವನ್ನೂ ಕಂಡು ‘ಸಮುದ್ರದಾಚೆಯಿಂದ’ ಎಂಬ ಪ್ರವಾಸ ಕಥನದಲ್ಲಿ ಬಣ್ಣಿಸಿದ್ದಾರೆ. ಸವಣೂರಿನ ವಿದ್ವಾಂಸನೊಬ್ಬನು ಕಂಡ ಲಂಡನ್, ನೈಜೀರಿಯಾದ ತಾಯಿಯೊಬ್ಬಳು ಕಂಡ ಲಂಡನ್, ಎರಡೂ ಒಂದೇ ಊರಿನ ಎರಡು ಮುಖಗಳು. ಗ್ರಂಥದ ನೆಲ ಯಾವುದು ಎಂಬುದಕ್ಕಿಂತ, ಆ ನೆಲದ ಮೇಲೆ ಕಾಲಿಟ್ಟವರು ಯಾರು, ಯಾವ ಅಗತ್ಯಕ್ಕಾಗಿ ಇಟ್ಟರು ಎಂಬುದರ ಮೇಲೆ ಅದರ ರುಚಿ ನಿಂತಿರುತ್ತದೆ.

ನಮ್ಮ ರಾಜ್ಯದ ಪರೀಕ್ಷೆಗಳಲ್ಲಿ ಇಂತಹ ಗೆರೆಯಿಲ್ಲ. ಎಸ್ಸೆಸ್ಸೆಲ್ಸಿಯ ಪ್ರಥಮ ಭಾಷೆಗೆ 125 ಅಂಕಗಳು. ಅವುಗಳಲ್ಲಿ 100 ಬರೆಹಕ್ಕೆ, 25 ಆಂತರಿಕ ಮೌಲ್ಯಮಾಪನಕ್ಕೆ. ಹಳಗನ್ನಡ, ನಡುಗನ್ನಡ, ಹೊಸಗನ್ನಡ, ಜಾನಪದ ಎಲ್ಲವೂ ಒಂದೇ ಪುಸ್ತಕದಲ್ಲಿ ಬೆರೆತು ಬರುತ್ತವೆ. ಪಠ್ಯಪುಸ್ತಕಗಳ ಪರಿಷ್ಕರಣೆಯ ಗದ್ದಲದಲ್ಲಿ 2022ರಲ್ಲಿ ಕೆಲವು ಪಾಠಗಳು ಹೊರಹೋದವು, 2023ರಲ್ಲಿ ಸಾರಾ ಅಬೂಬಕ್ಕರ್ ಅವರ ‘ಯುದ್ಧ’ದಂತಹ ಕೆಲವು ಮರಳಿ ಬಂದವು ಎಂಬುದನ್ನು ಓದುಗರು ಬಲ್ಲರು. ಪದವಿಪೂರ್ವದ ಇಂಗ್ಲಿಷ್ ಪುಸ್ತಕಗಳಲ್ಲಿ ಮಿಶ್ರಣವು ಇನ್ನೂ ವಿಚಿತ್ರವಾದುದು. ಅಲ್ಲಿ ಅಚೆಬೆಯ ಕಥೆಯೂ ಲ್ಯಾಟಿನ್ ಅಮೆರಿಕದ ನೆರೂಡಾರ ಕವಿತೆಯೂ ಇರುವಂತೆ, ನಮ್ಮವರೇ ಆದ ಕುವೆಂಪು, ಲಂಕೇಶ್, ಪೂರ್ಣಚಂದ್ರ ತೇಜಸ್ವಿಯವರೂ ಇಂಗ್ಲಿಷಿನ ಉಡುಪು ತೊಟ್ಟು ನಿಂತಿದ್ದಾರೆ. ಅಚೆಬೆ ತಾನೇ ಇಂಗ್ಲಿಷಿನಲ್ಲಿ ಬರೆದವನು. ಕುವೆಂಪು ಅಲ್ಲಿಗೆ ಅನುವಾದದ ಹಾದಿಯಿಂದ ಬಂದವರು. ಆದುದರಿಂದ ಕನ್ನಡದ ಹುಡುಗಿಯೊಬ್ಬಳಿಗೆ ಆ ಪುಸ್ತಕದೊಳಗೆ ನೈಜೀರಿಯಾದ ಕಥೆಗಾರನು ನೇರವಾಗಿಯೂ ಕುಪ್ಪಳಿಯ ಕವಿಯು ಬಳಸಿಕೊಂಡೂ ಸಿಗುತ್ತಾರೆ.

ನೆಲದ ಸಾಮೀಪ್ಯವೂ ಓದಿನ ಸಾಮೀಪ್ಯವೂ ಒಂದೇ ಅಲ್ಲವೆಂಬುದು ಇನ್ನೂ ತೀವ್ರವಾಗಿ ಅನುಭವಕ್ಕೆ ಬರುವುದು ರನ್ನನ ಸನ್ನಿಧಿಯಲ್ಲಿ. 949ರಲ್ಲಿ ಮುದುವೊಳಲಿನ, ಎಂದರೆ ಇಂದಿನ ಮುಧೋಳದ, ಬಳೆಗಾರರ ಮನೆಯಲ್ಲಿ ಹುಟ್ಟಿ, ಚಾಲುಕ್ಯ ಚಕ್ರವರ್ತಿ ತೈಲಪನಿಂದ ಕವಿಚಕ್ರವರ್ತಿ ಎನ್ನಿಸಿಕೊಂಡ ಈ ಮಹಾಕವಿಯು ಶಿರೂರಿನ ಮಕ್ಕಳಿಗೆ ಭೂಗೋಳದ ಲೆಕ್ಕದಲ್ಲಿ ನೆರೆಯವನು. ಆದರೆ ಅವನ ‘ಗದಾಯುದ್ಧ’ದ ‘ಛಲಮನೆ ಮೆಱೆವೆಂ’ ಎಂಬ ಭಾಗವನ್ನು ತೆರೆದು ಕುಳಿತವರಿಗೆ ಶಕಟರೇಫದ ಆ ‘ಱ’ಕಾರವೇ ಬಾಗಿಲ ಅಗುಳಿಯಂತೆ ಅಡ್ಡ ನಿಲ್ಲುತ್ತದೆ, ಕಂದ ವೃತ್ತಗಳ ನಡೆ, ಬಿಂದುವಿನಿಂದ ಮುಗಿಯುವ ಪದಗಳು, ಸಮಾಸಗಳ ದಟ್ಟಣೆ ಎಲ್ಲವೂ ಸೇರಿ, ತನ್ನ ಜಿಲ್ಲೆಯ ಕವಿಯನ್ನು ಪರದೇಶಿಯಂತೆ ಕಾಣುವ ಸ್ಥಿತಿ ವಿದ್ಯಾರ್ಥಿಗೆ ಒದಗುತ್ತದೆ. ಭೀಷ್ಮನು ಸಂಧಿಯನ್ನು ಬೋಧಿಸುವಾಗ, ನೆಲಕ್ಕಾಗಿ ನಾನು ಕಾದುವವನಲ್ಲ, ಛಲಕ್ಕಾಗಿ ಕಾದುವವನು, ಕರ್ಣನನ್ನು ಕೊಲ್ಲಿಸಿದ ಈ ನೆಲ ನನಗೆ ಪಾಳು ಎಂಬರ್ಥದಲ್ಲಿ ದುರ್ಯೋಧನನು ನುಡಿಯುವ ಆ ಸಂದರ್ಭದ ಬಿಸಿಯು, ಶಬ್ದಾರ್ಥದ ಪಟ್ಟಿಯನ್ನು ದಾಟಿ ಬಂದವರಿಗೆ ಮಾತ್ರ ತಾಗುತ್ತದೆ. ಹತ್ತಿರದ ಸಾಹಿತ್ಯವನ್ನು ಓದುವುದಕ್ಕೆ ದೂರದ ಭಾಷೆಯೊಂದನ್ನು ಕಲಿಯುವಷ್ಟು ತಾಳ್ಮೆ ಬೇಕು ಎಂಬುದು ಇಲ್ಲಿಯ ಮೊದಲ ಪಾಠ.

ಎರಡನೆಯ ಪಾಠವು ಇದಕ್ಕೆ ವಿಲೋಮವಾದುದು. ಅದನ್ನು ಕಲಿಸುವುದು ಕೆನ್ಯಾಟಾರ ಕಥೆ. ಲಂಡನ್ನಿನಲ್ಲಿ ಮಾನವಶಾಸ್ತ್ರವನ್ನು ಅಭ್ಯಾಸ ಮಾಡಿ, ತನ್ನ ಗಿಕುಯು ಜನರ ಬಾಳುವೆಯನ್ನು ಕುರಿತು ಕೆನ್ಯಾಟಾ 1938ರಲ್ಲಿ ಪ್ರಕಟಿಸಿದ ‘ಫೇಸಿಂಗ್ ಮೌಂಟ್ ಕೀನ್ಯಾ’ ಎಂಬ ಗ್ರಂಥದೊಳಗೆ ಈ ನೀತಿಕಥೆ ಬರುತ್ತದೆ. ಮಳೆಗೆ ಸಿಕ್ಕ ಆನೆಯೊಂದು ಮನುಷ್ಯನ ಗುಡಿಸಲಿನಲ್ಲಿ ಸೊಂಡಿಲಿಗಷ್ಟೆ ಆಸರೆ ಬೇಡಿ, ಮೆಲ್ಲನೆ ತಾನೇ ಒಳಸೇರಿ, ಒಡೆಯನನ್ನು ಹೊರಗಟ್ಟುತ್ತದೆ. ಕಾಡಿನ ರಾಜನಾದ ಸಿಂಹವು ನ್ಯಾಯ ದೊರಕಿಸುವೆನೆಂದು ವಿಚಾರಣಾ ಆಯೋಗವೊಂದನ್ನು ನೇಮಿಸುತ್ತದೆ. ಅದರಲ್ಲಿ ಖಡ್ಗಮೃಗ, ಕಾಡುಕೋಣ, ಮೊಸಳೆಗಳು ಸದಸ್ಯರು, ನರಿ ಅಧ್ಯಕ್ಷ, ಚಿರತೆ ಕಾರ್ಯದರ್ಶಿ. ಮನುಷ್ಯನ ಕಡೆಯವರು ಒಬ್ಬರೂ ಇಲ್ಲ. ಗುಡಿಸಲಿನ ಖಾಲಿ ಜಾಗವನ್ನು ಆನೆಯು ಸದುಪಯೋಗಪಡಿಸಿತೆಂಬ ತೀರ್ಪು ಹೊರಬೀಳುತ್ತದೆ. ಮನುಷ್ಯನು ಕಟ್ಟಿದ ಮುಂದಿನ ಗುಡಿಸಲುಗಳಿಗೂ ಅದೇ ಗತಿಯಾಗಲು, ಕಡೆಗೆ ಅವನು ವಿಶಾಲವಾದ ಒಂದು ಮನೆಯನ್ನು ಕಟ್ಟಿ, ಮೃಗಗಳೆಲ್ಲ ಅದರೊಳಗೆ ನುಗ್ಗಿ ಜಗಳಕ್ಕೆ ತೊಡಗಿದ ಹೊತ್ತಿಗೆ ಬೆಂಕಿ ಹಚ್ಚುತ್ತಾನೆ. ಕೀನ್ಯಾದ ಫಲವತ್ತಾದ ಎತ್ತರದ ಭೂಮಿಯನ್ನು ಬಿಳಿಯ ವಲಸೆಗಾರರು ಆಕ್ರಮಿಸಿದ್ದನ್ನೂ, 1932ರಲ್ಲಿ ಬ್ರಿಟಿಷ್ ಸರ್ಕಾರ ಭೂಮಿಯ ಪ್ರಶ್ನೆಗೆ ಆಯೋಗವೊಂದನ್ನು ನೇಮಿಸಿದ್ದನ್ನೂ ನೆನೆದರೆ, ಈ ಮೃಗಗಳ ಗಾಂಭೀರ್ಯದ ಹಿಂದಿನ ವ್ಯಂಗ್ಯ ಎಷ್ಟು ಹರಿತವಾದುದೆಂದು ತಿಳಿಯುತ್ತದೆ. ಈ ಕಥೆಯನ್ನು ಬರೆದವನೇ 1963ರಲ್ಲಿ ತನ್ನ ದೇಶದ ಪ್ರಥಮ ಪ್ರಧಾನಿಯೂ ಮರುವರ್ಷ ಅದರ ಪ್ರಥಮ ಅಧ್ಯಕ್ಷನೂ ಆದನು.

ಕೆನ್ಯಾಟಾರ ಬೆಂಕಿಯನ್ನು ಓದುವಾಗ ಬಾಗಲಕೋಟೆಯ ಸೀಮೆಯ ವಿದ್ಯಾರ್ಥಿಯು ಅದಕ್ಕೆ ಮೊದಲೇ ಇನ್ನೆರಡು ಬೆಂಕಿಗಳನ್ನು ಕಂಡು ಬಂದಿರುತ್ತಾನೆ ಎಂಬುದನ್ನು ಪಾಠ ಹೇಳುವವರು ಬಹುಶಃ ಗಮನಿಸುವುದಿಲ್ಲ. ದುರ್ಗಸಿಂಹನ ‘ವೃಕ್ಷಸಾಕ್ಷಿ’ಯಲ್ಲಿ, ಹೂತಿಟ್ಟ ಹೊನ್ನನ್ನು ಕದ್ದ ದುಷ್ಟಬುದ್ಧಿಯು ಧರ್ಮಬುದ್ಧಿಯ ಮೇಲೆ ಕಳ್ಳತನದ ದೂರು ತಂದು, ತನ್ನ ತಂದೆಯನ್ನೇ ಆಲದ ಮರದ ಪೊಟರೆಯಲ್ಲಿ ಅಡಗಿಸಿ ಮರದಿಂದ ಸುಳ್ಳು ಸಾಕ್ಷ್ಯ ನುಡಿಸಿದಾಗ, ಧರ್ಮಬುದ್ಧಿಯು ಆ ಪೊಟರೆಗೆ ಬೆಂಕಿಯೊಡ್ಡಿ ಸತ್ಯವನ್ನು ಹೊರಗೆಡಹುತ್ತಾನೆ. ಹಲಗಲಿಯ ಲಾವಣಿಯಲ್ಲಿ, ಆಯುಧಗಳನ್ನು ಒಪ್ಪಿಸಬೇಕೆಂಬ ಹುಕುಮಿಗೆ ತಲೆಬಾಗದ ಹನುಮ, ಬಾಲ, ಜಡಗ, ರಾಮ ಎಂಬವರ ಹೋರಾಟವನ್ನು ಅಡಗಿಸಲು ಕುಂಪಣಿಯ ದಂಡು ಊರಿಗೇ ಬೆಂಕಿಯಿಡುತ್ತದೆ. ಈ ಮೂರನ್ನು ಒಂದರ ಪಕ್ಕದಲ್ಲೊಂದು ಇರಿಸಿ, ಬೆಂಕಿಯನ್ನು ಹಚ್ಚಿದವರು ಯಾರು, ಅವರಿಗೆ ನ್ಯಾಯಸ್ಥಾನದಲ್ಲಿ ನಂಬಿಕೆ ಇದ್ದಿತೆ ಎಂದು ಕೇಳಿದರೆ ಒಂದು ಅಪೂರ್ವವಾದ ತಾರತಮ್ಯ ಹೊಳೆಯುತ್ತದೆ. ಧರ್ಮಬುದ್ಧಿಯು ಧರ್ಮಾಧಿಕರಣರ ಕಣ್ಣೆದುರಿನಲ್ಲಿ, ಅವರಿಗೆ ಸತ್ಯವನ್ನು ತೋರಿಸುವುದಕ್ಕಾಗಿ ಬೆಂಕಿಯೊಡ್ಡುತ್ತಾನೆ. ಸಾಕ್ಷಿ ಸುಳ್ಳಾಗಬಹುದು, ಪೀಠ ಸುಳ್ಳಲ್ಲವೆಂಬ ಭರವಸೆ, ಚಾಲುಕ್ಯರ ಆಸ್ಥಾನದಲ್ಲಿ ಸಂಧಿವಿಗ್ರಹಿಯಾಗಿದ್ದ ಕವಿಗೆ ಸಹಜವಾದುದು. ಕೆನ್ಯಾಟಾರ ಮನುಷ್ಯನಿಗೆ ಪೀಠವೇ ಸುಳ್ಳು. ಆದುದರಿಂದ ಅವನು ಸುಡುವುದು ನ್ಯಾಯಾಧೀಶರನ್ನು. ಹಲಗಲಿಯಲ್ಲಾದರೋ ಪೀಠದಲ್ಲಿ ಕುಳಿತವರೇ ಕೊಳ್ಳಿ ಹಿಡಿದು ಬಂದವರು. ಇಷ್ಟನ್ನು ಕಂಡ ವಿದ್ಯಾರ್ಥಿಗೆ ಕೀನ್ಯಾದ ಕಥೆಯ ಕೊನೆಯ ಕ್ರೌರ್ಯವು ಅರ್ಥವಾಗಲು ಯಾವ ಟಿಪ್ಪಣಿಯೂ ಬೇಕಾಗದು.

ಅದು ಅರ್ಥವಾಗಲು ಬೇರೊಂದು ಕಾರಣವೂ ಈ ಜಿಲ್ಲೆಯಲ್ಲಿದೆ. ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯ ಓಣಿಗಳನ್ನು ನುಂಗಿ, ಜನರು ನವನಗರಕ್ಕೆ ಹೋಗಿ ನೆಲೆಸಿ, ನದಿಯ ದಂಡೆಯ ಅನೇಕ ಹಳ್ಳಿಗಳು ಪುನರ್ವಸತಿ ಕೇಂದ್ರಗಳಾದ ಮೇಲೆ, ‘ಮುಳುಗಡೆ’ ಎಂಬುದು ಇಲ್ಲಿಯ ಮಕ್ಕಳು ತೊಟ್ಟಿಲಿನಲ್ಲಿಯೇ ಕೇಳುವ ಮಾತಾಗಿದೆ. ಜಲಾಶಯದ ಮಟ್ಟವು 519.60 ಮೀಟರಿನಿಂದ 524.256 ಮೀಟರಿಗೆ ಏರುವುದೆಂದು, ಏರಿದರೆ ಯಾರ ಹೊಲ ಹೋಗುವುದು, ಪರಿಹಾರ ಎಷ್ಟು ಬರುವುದು, ಕೋರ್ಟಿನಲ್ಲಿ ಹೆಚ್ಚಿಸಿಕೊಳ್ಳಬಹುದೆ ಎಂದು ಕಟ್ಟೆಯ ಮೇಲೆ ನಡೆಯುವ ಚರ್ಚೆಯನ್ನು ಕೇಳಿ ಬೆಳೆದ ಹುಡುಗನಿಗೆ, ಮನೆ ಕಳೆದುಕೊಂಡವನೊಬ್ಬನು ಅರ್ಜಿ ಹಿಡಿದು ಅಧಿಕಾರದ ಬಾಗಿಲಿನಲ್ಲಿ ನಿಲ್ಲುವುದೆಂದರೆ ಏನೆಂದು ವಿವರಿಸಬೇಕಾಗಿಲ್ಲ. ನೀರಾವರಿಯ ಅಣೆಕಟ್ಟೆಗೂ ವಸಾಹತು ಆಕ್ರಮಣಕ್ಕೂ ಇರುವ ಅಂತರವು ದೊಡ್ಡದು, ಅದನ್ನು ಮರೆಯಲಾಗದು. ಆದರೆ ಆ ಅಂತರವನ್ನು ಅಳೆಯುವುದಕ್ಕಾದರೂ ಎರಡನ್ನೂ ಒಮ್ಮೆ ಜೊತೆಗಿಟ್ಟು ನೋಡಬೇಕಾಗುತ್ತದೆ, ಆ ನೋಟವೇ ಸಾಹಿತ್ಯದ ಅಭ್ಯಾಸ.

ಅಚೆಬೆಯ ‘ದ ವೋಟರ್’ ಇದಕ್ಕಿಂತಲೂ ಸಮೀಪಕ್ಕೆ ಬರುವ ಕಥೆ. ರೂಫ್ ಎಂದು ಊರವರು ಕರೆಯುವ ರೂಫಸ್ ಒಕೆಕೆ, ಪಟ್ಟಣದಲ್ಲಿ ಸೈಕಲ್ ದುರಸ್ತಿ ಕಲಿತು ಹಳ್ಳಿಗೆ ಹಿಂದಿರುಗಿ ಎಲ್ಲರ ಪ್ರೀತಿ ಗಳಿಸಿದ ಯುವಕ. ಮಂತ್ರಿ ಮಾರ್ಕಸ್ ಇಬೆಯ ಪರವಾಗಿ ಮತ ಕೂಡಿಸುವ ನಿಪುಣ. ಮಿಷನ್ ಶಾಲೆಯ ಸಾಧಾರಣ ಮಾಸ್ತರನಾಗಿದ್ದ ಮಾರ್ಕಸ್ ಐದು ವರ್ಷಗಳಲ್ಲಿ ಮಹಲು ಕಟ್ಟಿಸಿದ್ದನ್ನು ಕಂಡ ಹಿರಿಯರು, ಈ ಸಲ ಮತವನ್ನು ಪುಕ್ಕಟೆ ಕೊಡಲಾಗದೆಂದು ನಿಶ್ಚಯಿಸಿದ್ದಾರೆ. ರೂಫನು ರಾತ್ರಿಯ ಹೊತ್ತು ಅವರ ಮುಂದೆ ನೆಲದ ಮೇಲೆ ಎರಡೆರಡು ಶಿಲ್ಲಿಂಗ್ ಇಡುತ್ತಾನೆ. ಅವರು ಘನತೆಯಿಂದಲೇ ಚೌಕಾಶಿ ಮಾಡಿ ಮೊತ್ತವನ್ನು ಏರಿಸುತ್ತಾರೆ. ಅಷ್ಟರಲ್ಲಿ ಎದುರು ಪಕ್ಷದವರು ರೂಫನ ಮನೆಗೇ ಬಂದು ಐದು ಪೌಂಡುಗಳನ್ನು ಮುಂದಿರಿಸಿ, ಎಂಬಾಂಟಾ ಎಂಬ ಊರಿನಿಂದ ತಂದ ‘ಇಯಿ’ ಎಂಬ ದೈವವಸ್ತುವಿನ ಮುಂದೆ ಮಡುಕಾ ಎಂಬವನಿಗೆ ಮತ ಹಾಕುವೆನೆಂದು ಆಣೆ ಮಾಡಿಸುತ್ತಾರೆ. ಮತದಾನದ ದಿನ, ಕಾರಿನ ಚಿತ್ರದ ಮಾರ್ಕಸನ ಪೆಟ್ಟಿಗೆ, ಮನುಷ್ಯನ ತಲೆಯ ಚಿತ್ರದ ಮಡುಕಾನ ಪೆಟ್ಟಿಗೆ, ಇವೆರಡರ ನಡುವೆ ತೊಳಲಿ ನಿಂತ ರೂಫನು ಚೀಟಿಯನ್ನು ಮಡಿಸಿ, ಮಡಿಕೆಯ ಗುಂಟ ಹರಿದು, ಎರಡು ತುಂಡುಗಳನ್ನು ಎರಡು ಪೆಟ್ಟಿಗೆಗಳಲ್ಲಿ ಹಾಕಿ, ಹೆಬ್ಬೆರಳಿಗೆ ನೇರಿಳೆ ಬಣ್ಣದ ಶಾಯಿ ಹಚ್ಚಿಸಿಕೊಂಡು ಹೊರಬರುತ್ತಾನೆ. 1951–52ರ ಪ್ರಥಮ ಮಹಾಚುನಾವಣೆಯಲ್ಲಿ ನಮ್ಮ ದೇಶದಲ್ಲಿಯೂ ಅಭ್ಯರ್ಥಿಗೊಂದರಂತೆ ಚಿಹ್ನೆಯಂಟಿಸಿದ ಪ್ರತ್ಯೇಕ ಪೆಟ್ಟಿಗೆಗಳಿದ್ದವು ಎಂಬುದನ್ನೂ, ನಮ್ಮ ಬೆರಳಿನ ಅಳಿಸಲಾಗದ ಶಾಯಿಯು 1962ರಿಂದ ಮೈಸೂರಿನ ಬಣ್ಣದ ಕಾರ್ಖಾನೆಯಲ್ಲಿ ತಯಾರಾಗುತ್ತದೆಂಬುದನ್ನೂ ತರಗತಿಯಲ್ಲಿ ಒಂದು ಮಾತಿನಲ್ಲಿ ಹೇಳಿದರೂ ಸಾಕು, ಉಮುವೋಫಿಯಾದ ಮತಗಟ್ಟೆ ಶಿರೂರಿನ ಶಾಲೆಯ ಕೋಣೆಗೆ ಬಂದಂತಾಗುವುದು.

ಈ ಕಥೆಗೆ ಉತ್ತರ ಬರೆಯುವ ಉಪಕರಣವೂ ಹುಡುಗರ ಕೈಯಲ್ಲಿ ಆಗಲೇ ಇದೆ. ಹತ್ತನೆಯ ತರಗತಿಯ ಕನ್ನಡ ಪತ್ರಿಕೆಯಲ್ಲಿ ‘ಸಂದರ್ಭದೊಡನೆ ಸ್ವಾರಸ್ಯ ವಿವರಿಸಿ’ ಎಂಬ ಮೂರು ಅಂಕದ ಪ್ರಶ್ನೆಗೆ, ಈ ಮಾತನ್ನು ಯಾವ ಪಾಠದಿಂದ ಆರಿಸಿದೆ, ಯಾರು ಯಾರಿಗೆ ಯಾವಾಗ ಹೇಳಿದರು, ಅದರಲ್ಲಿರುವ ಸೊಗಸೇನು ಎಂದು ಮೂರು ಹೆಜ್ಜೆಗಳಲ್ಲಿ ಬರೆಯುವುದನ್ನು ಅವರು ವರ್ಷವಿಡೀ ರೂಢಿಸಿಕೊಂಡಿರುತ್ತಾರೆ. ಅದೇ ಕ್ರಮವನ್ನು ಹರಿದ ಚೀಟಿಗೆ ಅನ್ವಯಿಸಿ ನೋಡೋಣ. ಆಯ್ಕೆ, ಅಚೆಬೆಯ ಕಥೆಯ ಕೊನೆಯ ಭಾಗದಿಂದ. ಸಂದರ್ಭ, ಒಡೆಯನಿಗೆ ನಿಷ್ಠೆ ಒಂದು ಕಡೆ, ದೈವದ ಭಯ ಇನ್ನೊಂದು ಕಡೆ ಎಳೆಯುತ್ತಿರುವಾಗ ಮತಗಟ್ಟೆಯ ಏಕಾಂತದಲ್ಲಿ ರೂಫನು ಮಾಡಿದ ಕ್ರಿಯೆ. ಸ್ವಾರಸ್ಯ ಯಾವುದು? ರೂಫನು ಎರಡು ಪಕ್ಷಗಳಿಗೂ ಮೋಸ ಮಾಡಿದನೆಂದು ಬರೆದು ನಿಲ್ಲಿಸಿದರೆ ಸಾರಾಂಶವಾಯಿತೇ ಹೊರತು ಸ್ವಾರಸ್ಯ ಬರಲಿಲ್ಲ. ಅವನು ಮೊದಲ ತುಂಡನ್ನು ಮಡುಕಾನ ಪೆಟ್ಟಿಗೆಗೇ ಹಾಕುತ್ತಾನೆ, ಬಾಯಿಂದಲೂ ಅವನ ಹೆಸರನ್ನೇ ಹೇಳಿಕೊಳ್ಳುತ್ತಾನೆ. ಎಂದರೆ ಆಧುನಿಕ ಮತಪೆಟ್ಟಿಗೆಯನ್ನು ವಂಚಿಸಬಲ್ಲವನು ಇಯಿಯನ್ನು ವಂಚಿಸಲು ಅಂಜುತ್ತಾನೆ. ಊರ ಗುಡಿಯಲ್ಲಿ ಭಂಡಾರ ಮುಟ್ಟಿಸಿ ಆಣೆ ತೆಗೆದುಕೊಳ್ಳುವ ಪದ್ಧತಿಯನ್ನು ಕಂಡ ಉತ್ತರ ಕರ್ನಾಟಕದ ಮಕ್ಕಳಿಗೆ ಈ ಅಂಜಿಕೆಯ ತೂಕ ತಟ್ಟನೆ ತಿಳಿಯುತ್ತದೆ.

ಇಲ್ಲಿಂದ ರನ್ನನ ಕಡೆಗೆ ಮತ್ತೆ ಹೊರಳಿದರೆ ಅವನೂ ಹೊಸದಾಗಿ ಕಾಣುತ್ತಾನೆ. ‘ಗದಾಯುದ್ಧ’ವು ಆಣೆಯ ಕಾವ್ಯವೇ ಆಗಿದೆ, ದ್ರೌಪದಿಯ ಮುಡಿಯನ್ನು ಕುರಿತ ಭೀಮನ ಪ್ರತಿಜ್ಞೆಯೊಂದು ಆ ಕಾವ್ಯವನ್ನು ಮುಂದೊತ್ತುತ್ತದೆ, ಸಂಧಿಗೆ ಒಪ್ಪೆನೆಂಬ ದುರ್ಯೋಧನನ ಛಲವೊಂದು ಅದಕ್ಕೆ ಎದುರಾಗಿ ನಿಲ್ಲುತ್ತದೆ. ಪಾಂಡವರಿಗೆ ಅರ್ಧ ರಾಜ್ಯ ಕೊಟ್ಟು ಬದುಕುವ ದಾರಿ ದುರ್ಯೋಧನನಿಗೆ ತೆರೆದಿದ್ದಿತು. ಅವನು ಅರ್ಧವನ್ನು ಒಲ್ಲದೆ ಇಡಿಯಾಗಿ ಅಳಿದನು. ರೂಫನು ಒಂದು ಚೀಟಿಯನ್ನು ಅರ್ಧ ಅರ್ಧ ಮಾಡಿ ಉಳಿದುಕೊಂಡನು. ಅಳಿದವನ ಘನತೆಯೂ ಉಳಿದವನ ಜಾಣ್ಮೆಯೂ ಯಾವ ಯಾವ ಲೋಕಗಳಿಗೆ ಸೇರಿದವು, ಚಕ್ರವರ್ತಿಗೆ ಸಾಧ್ಯವಾದ ಛಲ ಸೈಕಲ್ ರಿಪೇರಿಯವನಿಗೆ ಸಾಧ್ಯವೆ, ಐದು ಪೌಂಡು ಕಂಡವನನ್ನು ಹಳಿಯುವ ಅಧಿಕಾರ ಯಾರಿಗಿದೆ ಎಂಬ ಪ್ರಶ್ನೆಗಳು ಇಲ್ಲಿ ತಾವಾಗಿಯೇ ಹುಟ್ಟುತ್ತವೆ. ಹಾಗೂ ಅವು ಹುಟ್ಟಿದ್ದು ಎರಡು ಗ್ರಂಥಗಳನ್ನು ಎರಡು ಖಾನೆಗಳಿಂದ ತೆಗೆದು ಒಂದೇ ಮೇಜಿನ ಮೇಲೆ ಇಟ್ಟುದರಿಂದ.

ದುರ್ದೈವವೆಂದರೆ, ಪರೀಕ್ಷೆಯ ಸಿದ್ಧತೆಯೆಂಬುದು ಇಂತಹ ಮೇಜನ್ನು ಮಕ್ಕಳಿಗೆ ಅಪರೂಪವಾಗಿ ಒದಗಿಸುತ್ತದೆ. ಡಿಸೆಂಬರ್ ಕಳೆದು ಜನವರಿ ಬರುತ್ತಿದ್ದಂತೆ ಗೈಡು, ನೋಟ್ಸು, ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ, ಕನಿಷ್ಠ ಅಂಕ ದಾಟಿಸುವ ‘ಪಾಸಿಂಗ್ ಪ್ಯಾಕೇಜ್’ ಇವೇ ಪಠ್ಯದ ಸ್ಥಾನವನ್ನು ಆಕ್ರಮಿಸಿಕೊಳ್ಳುತ್ತವೆ, ಮಾಸ್ತರರು ಏನನ್ನಾದರೂ ಸ್ವಲ್ಪ ವಿಸ್ತರಿಸಿ ಹೇಳತೊಡಗಿದರೆ ಹಿಂದಿನ ಬೆಂಚಿನಿಂದ, “ಸರ್, ಇದು ಪರೀಕ್ಷಾಕ್ಕ ಬರತೈತೇನ್ರಿ?” ಎಂಬ ಪ್ರಶ್ನೆ ಬರುತ್ತದೆ. ಆ ಪ್ರಶ್ನೆಯನ್ನು ಅವಿನಯವೆಂದು ಗದರಿಸುವುದು ತಪ್ಪು. ಹೊಲದ ಕೆಲಸವನ್ನೋ ಮಗ್ಗದ ಕೆಲಸವನ್ನೋ ಮುಗಿಸಿ ರಾತ್ರಿ ಓದುವವರಿಗೆ ಸಮಯ ಮಿತವಾದುದು, ಅಂಕಗಳ ಮೇಲೆ ಮುಂದಿನ ಓದೂ ಉದ್ಯೋಗವೂ ನಿಂತಿವೆ. ಆದುದರಿಂದ ಹೇಳತಕ್ಕುದು ಇಷ್ಟೆ: ಪರೀಕ್ಷೆಗೆ ಬರುವುದನ್ನು ಓದುವ ಕ್ರಮದಲ್ಲಿಯೇ ಸಾಹಿತ್ಯ ದಕ್ಕುವುದಕ್ಕೆ ಅವಕಾಶವುಂಟು. ಕವಿಯ ಸ್ಥಳ, ಕಾಲ, ಕೃತಿ, ಪ್ರಶಸ್ತಿಗಳನ್ನು ಬರೆಯುವ ಪ್ರಶ್ನೆಗೆ ರನ್ನನ ಮುದುವೊಳಲನ್ನು ಕಂಠಪಾಠ ಮಾಡುವಾಗ, ಆ ಊರಿನ ಬಸ್ಸು ತನ್ನ ಬಸ್‌ ನಿಲ್ದಾಣದಿಂದಲೇ ಹೊರಡುವುದೆಂದು ನೆನೆಯಲು ಹೆಚ್ಚಿನ ಹೊತ್ತು ಬೇಡ. ಹಳಗನ್ನಡದ ಪದ್ಯವನ್ನು ಅರ್ಥ ನೋಡುವ ಮೊದಲು ಗಟ್ಟಿಯಾಗಿ ಎರಡು ಸಲ ಓದಿ, ಅನಂತರ ಸಾಲು ಸಾಲಾಗಿ ಇಂದಿನ ಬಾಗಲಕೋಟೆಯ ಮಾತಿಗೆ ತಿರುಗಿಸಿದರೆ, ಗೈಡಿನ ಸಾರಾಂಶಕ್ಕಿಂತ ಅದು ಹೆಚ್ಚು ಕಾಲ ನಿಲ್ಲುತ್ತದೆ. ಇಂಗ್ಲಿಷಿನ ಕಥೆಯನ್ನು ಮೊದಲು ಕನ್ನಡದಲ್ಲಿ ಮನೆಯವರಿಗೆ ಹೇಳಿ ತೋರಿಸಿ, ಕೇಳಿದವರು ಎಲ್ಲಿ ನಕ್ಕರು, ಎಲ್ಲಿ ಸುಮ್ಮನಾದರು ಎಂದು ಗುರುತಿಟ್ಟುಕೊಂಡರೆ, ನಾಲ್ಕು ಅಂಕಕ್ಕೂ ಆರು ಅಂಕಕ್ಕೂ ಬೇಕಾದ ವಿಷಯ ತಾನಾಗಿಯೇ ಕೂಡಿಬರುತ್ತದೆ. ಇಂಗ್ಲಿಷ್ ವಾಕ್ಯಗಳ ಭಯವೂ ಅರ್ಧದಷ್ಟು ಇಳಿಯುತ್ತದೆ.

ತನ್ನದನ್ನೂ ಪರರದನ್ನೂ ಎದುರುಬದುರಾಗಿ ಇಟ್ಟು ತೂಗುವ ಈ ಅಭ್ಯಾಸವು ಈ ನೆಲಕ್ಕೆ ಹೊಸದಲ್ಲ. ಐಹೊಳೆಯ ಮೇಗುಟಿಯ ಜಿನಾಲಯದ ಗೋಡೆಯ ಮೇಲೆ 634ರಲ್ಲಿ ಇಮ್ಮಡಿ ಪುಲಕೇಶಿಯ ಪ್ರಶಸ್ತಿಯನ್ನು ಕೆತ್ತಿಸಿದ ರವಿಕೀರ್ತಿಯು ತನ್ನ ಕೀರ್ತಿಯನ್ನು ಅಳೆದುಕೊಂಡದ್ದು ಕಾಳಿದಾಸ, ಭಾರವಿಯರ ಕೀರ್ತಿಯೊಡನೆ. ದುರ್ಗಸಿಂಹನು ಸಂಸ್ಕೃತದ ಪಂಚತಂತ್ರವನ್ನು ಕಿಸುಕಾಡಿನ ಕನ್ನಡಕ್ಕೆ ತಂದನು. ಇಪ್ಪತ್ತನೆಯ ಶತಮಾನದಲ್ಲಿ ಬಿ.ಎಂ. ಶ್ರೀಕಂಠಯ್ಯನವರು ‘ಇಂಗ್ಲಿಷ್ ಗೀತಗಳು’ ಎಂಬ ಸಣ್ಣ ಪುಸ್ತಕದಿಂದ ಹೊಸಗನ್ನಡ ಕಾವ್ಯದ ನಡೆಯನ್ನೇ ಬದಲಿಸಿದರು. ಹೊರಗಿನ ಕವಿತೆಗಳು ಅಲ್ಲಿ ಕನ್ನಡದ ಲಯಗಳಲ್ಲಿ ಹಾಡಿದವು. ಮೈಸೂರಿನಲ್ಲಿ ಸಿ.ಡಿ. ನರಸಿಂಹಯ್ಯನವರು 1952ರಲ್ಲಿ ಆರಂಭಿಸಿದ ‘ದ ಲಿಟರರಿ ಕ್ರೈಟೀರಿಯನ್’ ಪತ್ರಿಕೆಯ ಮೂಲಕವೂ, 1979ರಲ್ಲಿ ಸ್ಥಾಪಿಸಿದ ಧ್ವನ್ಯಾಲೋಕದ ಮೂಲಕವೂ, ಇಂಗ್ಲೆಂಡಿನಾಚೆಯ ಇಂಗ್ಲಿಷ್ ಸಾಹಿತ್ಯದ ಕಡೆಗೆ, ಎಂದರೆ ಅಚೆಬೆ ಸೊಯಿಂಕಾರಂತಹವರ ಕಡೆಗೆ, ಕನ್ನಡ ನಾಡಿನ ಅಧ್ಯಾಪಕರ ಕಣ್ಣನ್ನು ತಿರುಗಿಸಿದರು. ಅಂತಹ ಗುರುಪರಂಪರೆಯ ಶ್ರಮದಿಂದಲೇ ಇಂದು ಆಫ್ರಿಕದ ಕಥೆಗಳಿಗೆ ನಮ್ಮ ಪಠ್ಯದಲ್ಲಿ ಎಡೆ ದೊರೆತಿರುವುದು ಆಶ್ಚರ್ಯವಲ್ಲ.

ಪಶ್ಚಿಮ ಆಫ್ರಿಕದವರ ಗೆರೆಯಿಂದ ನಾವು ಕಲಿಯಬೇಕಾದುದು ಒಂದುಂಟು: ತನ್ನ ನೆಲದ ಸಾಹಿತ್ಯಕ್ಕೆ ಪರೀಕ್ಷೆಯಲ್ಲಿ ಖಚಿತವಾದ ಸ್ಥಾನವಿರಬೇಕು, ಹೊರಗಿನದಕ್ಕೂ ಅಷ್ಟೇ ಖಚಿತವಾದ ಸ್ಥಾನವಿರಬೇಕು ಎಂಬ ನ್ಯಾಯ. ಅವರಿಗೆ ನಾವು ಕೊಡಬಹುದಾದುದೂ ಒಂದುಂಟು: ಹತ್ತಿರದ್ದನ್ನು ಅಪರಿಚಿತನಿಗೆ ಸಲ್ಲುವ ಎಚ್ಚರದಿಂದ, ದೂರದ್ದನ್ನು ನೆರೆಯವನಿಗೆ ಸಲ್ಲುವ ಸಲುಗೆಯಿಂದ ಓದುವ ರೂಢಿ. ನಮ್ಮ ಪತ್ರಿಕೆಗಳಲ್ಲಿ ಕನ್ನಡವು ಕನ್ನಡದ ದಿನವೇ, ಇಂಗ್ಲಿಷ್ ಇಂಗ್ಲಿಷಿನ ದಿನವೇ ಬರುವುದರಿಂದ ಈ ಎರಡರ ಭೇಟಿ ಪ್ರಶ್ನೆಪತ್ರಿಕೆಯಲ್ಲಿ ನಡೆಯಲಾರದು. ಅದು ನಡೆಯತಕ್ಕುದು ತರಗತಿಯಲ್ಲಿ, ಕನ್ನಡದ ಮಾಸ್ತರರೂ ಇಂಗ್ಲಿಷಿನ ಮಾಸ್ತರರೂ ವರ್ಷಕ್ಕೆ ಒಂದು ತಾಸಾದರೂ ಕೂಡಿ ಪಾಠ ಹೇಳಿದಾಗ. ಭೀಮನ ಆಣೆಗೂ ರೂಫನ ಆಣೆಗೂ ಇರುವ ಭೇದವೇನು, ಹಲಗಲಿಯಲ್ಲಿ ಹತ್ತಿದ ಬೆಂಕಿಗೂ ಕೆನ್ಯಾಟಾರ ಕಾಡಿನಲ್ಲಿ ಹತ್ತಿದ ಬೆಂಕಿಗೂ ಇರುವ ಭೇದವೇನು ಎಂಬ ಪ್ರಶ್ನೆಗಳನ್ನು ಆ ತಾಸಿನಲ್ಲಿ ಹಲಗೆಯ ಮೇಲೆ ಬರೆದರೆ, ಅವುಗಳಿಗೆ ಗೈಡಿನಲ್ಲಿ ಉತ್ತರವಿರುವುದಿಲ್ಲ. ಶಿರೂರಿನ ಮಕ್ಕಳು ತಾವೇ ಯೋಚಿಸಿ ಬರೆಯಬೇಕಾಗುತ್ತದೆ, ಮತ್ತು ಬರೆಯಲು ಬೇಕಾದ ಅನುಭವವೆಲ್ಲವೂ ಅವರ ಊರಿನಲ್ಲಿಯೇ ಇದೆ.